ಆಯ್ತಮ್ಮನ ದೋಣಿ

ದೋಣಿಗಳು ನಿಲ್ಲುವ ಧಕ್ಕೆಯಲ್ಲಿ ಎಲ್ಲರೂ ಅವಳನ್ನು ಆಯ್ತಮ್ಮ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಗಳಿಗೆ ಮಾತ್ರ ಮೀಸಲಾಗಿತ್ತು. ಮದುವೆಯಾದಾಗಿನಿಂದ ಅವಳು ಗಂಡನ ಜೊತೆ ಹಾಯಿದೋಣಿಯಲ್ಲಿ ಕಪ್ಪೆಚಿಪ್ಪು ಬಾಚಲು ಹೋಗುತ್ತಿದ್ದಳು. ಹಿಂದೆ ಚುಕ್ಕಾಣಿ ಹಿಡಿದು, ದೊಡ್ಡ ಹಾಯಿ ನೋಡಿಕೊಂಡು ಗಂಡ. ಮುಂದೆ ಚಿಕ್ಕ ಹಾಯಿಯ ಹಗ್ಗ ಹಿಡಿದು ಅವಳು. ಎದುರುಗಾಳಿಗೆ ಹಾಯಿದೋಣಿ ನೇರವಾಗಿ ಹೋಗಲಾರದು. ಸ್ವಲ್ಪ ದೂರ ಎಡಕ್ಕೆ, ಸ್ವಲ್ಪ ದೂರ ಬಲಕ್ಕೆ, ಹೀಗೆ ಮಗ್ಗಲು ಬದಲಿಸುತ್ತಲೇ ಮುಂದಕ್ಕೆ ಸಾಗಬೇಕು. ಪ್ರತಿ ಸಲ ಮಗ್ಗಲು ಬದಲಿಸುವ ಮೊದಲು ಗಂಡ "ಆಯ್ತಾ?" ಎಂದು ಕೂಗುತ್ತಿದ್ದ. ಅವಳು ಹಗ್ಗ ಸಡಿಲಿಸಿ "ಆಯ್ತು!" ಎನ್ನುತ್ತಿದ್ದಳು. ಆಮೇಲೆ ಅವನು ಚುಕ್ಕಾಣಿ ತಿರುಗಿಸುತ್ತಿದ್ದ. ದೋಣಿಯಲ್ಲಿ ನೀವಿಬ್ಬರೂ ಇದನ್ನು ಬಿಟ್ಟು ಬೇರೇನು ಮಾತಾಡುತ್ತಿದ್ದಿರಿ ಎಂದು ಕೇಳಿದರೆ ಇಬ್ಬರಿಗೂ ಚಟ್ಟನೆ ನೆನಪಾಗುತ್ತಿರಲಿಲ್ಲ.

ಮನೆಯಲ್ಲೂ ಅದೇ ಕಥೆ. ಅವರದು ಹಗ್ಗ ಮತ್ತು ಬಣ್ಣದ ಅಂಗಡಿಯ ಮೇಲಿನ ಎರಡು ಕೋಣೆ. ಅತ್ತೆ ಬಿಸಿನೀರು ಕೇಳಿದರೆ ಆಯ್ತು, ಬಸ್ ಕಂಡಕ್ಟರ್ ಆಗಿದ್ದ ಮಗಳು ಯೂನಿಫಾರಂ ಇಸ್ತ್ರಿ ಆಗಬೇಕೆಂದರೆ ಆಯ್ತು, ಕೆಳಗಿನ ಅಂಗಡಿಯವನು ಮೆಟ್ಟಿಲ ಮೇಲೆ ಬಣ್ಣದ ಡಬ್ಬಿ ಇಟ್ಟುಕೊಳ್ಳಲೇ ಎಂದರೆ ಅದಕ್ಕೂ ಆಯ್ತು. ಆ ಡಬ್ಬಿ ಎಡವಿ ಅತ್ತೆ ಮುಗ್ಗರಿಸಿದ ದಿನ ಬೈಗುಳ ತಿಂದದ್ದು ಅವಳೇ.

ಆ ವರ್ಷ ಹಳೆಯ ಬಂದರಿನಲ್ಲಿ ಹೂಳು ತುಂಬಿ, ಇಳಿತದ ಹೊತ್ತಿಗೆ ದೋಣಿಗಳು ಕೆಸರಿನಲ್ಲಿ ಕೂತುಬಿಡುತ್ತಿದ್ದವು. ಚಿಪ್ಪೂ ಕೈಕೊಟ್ಟಿತು. ಕೊನೆಗೆ ಬಂದರು ಮುಚ್ಚುವುದೆಂದಾಯಿತು. ಕರಾವಳಿಗುಂಟ ಮುಂದೆ ಹೋದರೆ ಅಲ್ಲೊಂದು ಹೊಸ ಬಂದರು ಕಟ್ಟಿದ್ದರು. ಅಲ್ಲಿ ನೀರೂ ಚೆನ್ನಾಗಿತ್ತು, ಚಿಪ್ಪೂ ಚೆನ್ನಾಗಿತ್ತು, ನಿಯಮ ಮಾತ್ರ ವಿಚಿತ್ರವಾಗಿತ್ತು. ಎಲ್ಲರೂ ಮುಗಿಬಿದ್ದು ಚಿಪ್ಪನ್ನು ಬರಿದು ಮಾಡಬಾರದೆಂದು, ಎಂಜಿನ್ ಕೂಡದು, ಒಂದು ದೋಣಿಗೆ ಒಬ್ಬರೇ ಎಂದು ಗೊತ್ತು ಮಾಡಿದ್ದರು. ಮಳೆಗಾಲದೊಳಗೆ ಯಾರು ತಮ್ಮ ದೋಣಿಯನ್ನು ಯಾರ ನೆರವೂ ಇಲ್ಲದೆ ಒಬ್ಬರೇ ನಡೆಸಿಕೊಂಡು ಬಂದು ಒಳಗೆ ಕಟ್ಟುತ್ತಾರೋ ಅವರ ಹೆಸರಿಗೆ ದೋಣಿ ನಿಲ್ಲಿಸುವ ಜಾಗ. ಸರಿಯಾಗಿ ಅದೇ ಹೊತ್ತಿಗೆ ಗಂಡನ ಬಲಭುಜಕ್ಕೆ ಆಪರೇಷನ್ ಆಗಿತ್ತು. ಕೈಯನ್ನು ಎದೆಗೆ ಕಟ್ಟಿಕೊಂಡು, ಮುಖ ಊದಿಸಿಕೊಂಡು, ಅವನು ಕಿಟಕಿಯ ಬಳಿ ಕೂತಿರುತ್ತಿದ್ದ.

ನಸುಕಿನಲ್ಲೇ ಏಳುವ ಮನೆಯಾದ್ದರಿಂದ ಬೆಳಕಿರುವಾಗಲೇ ಊಟ ಮುಗಿಯುತ್ತಿತ್ತು. ಒಂದು ಸಂಜೆ ಎಡಗೈಯಲ್ಲಿ ಚಮಚ ಹಿಡಿದು ಅನ್ನ ಬೇಳೆ ತಿನ್ನುತ್ತ ಗಂಡ ಮಾತು ತೆಗೆದ.

"ಮೀಸೆ ಹತ್ರ ಮಾತಾಡಿದ್ದೀನಿ."

ಮೀಸೆಯೆಂದರೆ ಪಕ್ಕದ ದೋಣಿಯವನು, ಗಂಡನ ಗೆಳೆಯ. ಮನುಷ್ಯ ಒಳ್ಳೆಯವನೇ.

"ಏನಂತ?" ಅತ್ತೆ ಕೇಳಿದಳು.

"ಅವನ ತಮ್ಮ ನಮ್ಮ ದೋಣೀನ ಹೊಸ ಬಂದರಿಗೆ ತಗೊಂಡು ಹೋಗ್ತಾನೆ. ಜಾಗ ಅವನ ಹೆಸರಿಗಾಗತ್ತೆ, ದೋಣೀನ ಅವನೇ ಕೊಂಡ್ಕೋತಾನೆ. ನನಗೆ ಅಲ್ಲಿ ಐಸ್ ಗೋದಾಮಲ್ಲಿ ವಾಚ್‌ಮನ್ ಕೆಲಸ ಇದೆಯಂತೆ."

"ಅಂದ್ರೆ ಅವರಿಗೆ ದೋಣಿ, ನಮ್ಮ ಕೈಗೆ ಚಿಪ್ಪು," ಎಂದಳು ಮಗಳು.

"ಚಿಪ್ಪಿನ ಮನೆಯೋರಿಗೆ ಇನ್ನೇನೇ ಸಿಗತ್ತೆ?" ಎಂದಳು ಅತ್ತೆ.

ಆಯ್ತಮ್ಮ ನಗಲಿಲ್ಲ. "ಯಾವಾಗ ಮಾತಾಡಿದ್ರಿ?" ಎಂದು ಕೇಳಿದಳು.

"ಮೊನ್ನೆ."

"ಮೊನ್ನೆ ಮಾತಾಡಿದ್ದನ್ನ ನನಗೆ ಇವತ್ತು ಹೇಳ್ತಿದ್ದೀರಿ."

"ಅದರಲ್ಲೇನಿದೆ? ನೀನು ಹೇಗೂ ಆಯ್ತು ಅಂತೀಯಲ್ಲ."

ಗಂಡ ಅದನ್ನು ಚುಚ್ಚಬೇಕೆಂದು ಹೇಳಿರಲಿಲ್ಲ. ಉಪ್ಪು ಕಡಿಮೆ ಇದೆ ಎನ್ನುವಷ್ಟೇ ಸಲೀಸಾಗಿ ಹೇಳಿ ಮತ್ತೊಂದು ಚಮಚ ಅನ್ನ ಬಾಯಿಗಿಟ್ಟುಕೊಂಡ. ಅದೇ ಅವಳಿಗೆ ತಡೆಯಲಾಗಲಿಲ್ಲ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಆಗಲ್ಲ," ಎಂದಳು.

ಮಗಳ ಕೈ ತಟ್ಟೆಯ ಮೇಲೇ ನಿಂತಿತು.

"ಏನಾಗಲ್ಲ?" ಎಂದ ಗಂಡ.

"ದೋಣಿ ಕೊಡೋಕಾಗಲ್ಲ. ನಾನು ತಗೊಂಡು ಹೋಗ್ತೀನಿ."

"ಯಾರ ಜೊತೆ?"

"ಒಬ್ಬಳೇ. ಒಬ್ಬರೇ ಅಲ್ವಾ ನಿಯಮ?"

ಗಂಡ ನಕ್ಕ. ಅತ್ತೆ ನಗಲಿಲ್ಲ, ಹಣೆ ಚಚ್ಚಿಕೊಂಡಳು. "ತಲೆಗಿಲೆ ಕೆಟ್ಟಿದೆಯೇನೇ ಹುಡುಗಿ? ಈ ವಯಸ್ಸಲ್ಲಿ ಸಮುದ್ರದ ಪಾಲಾಗ್ತೀಯ. ನನ್ನ ಕಾಲಿಗೆ ಎಣ್ಣೆ ಹಚ್ಚೋರು ಯಾರು?"

ಐವತ್ತು ದಾಟಿದ ಸೊಸೆ ಅತ್ತೆಯ ಬಾಯಲ್ಲಿ ಇನ್ನೂ ಹುಡುಗಿಯಾಗಿಯೇ ಉಳಿದಿದ್ದಳು.

"ನೀನು ಜನ್ಮದಲ್ಲಿ ಚುಕ್ಕಾಣಿ ಮುಟ್ಟಿಲ್ಲ," ಎಂದ ಗಂಡ.

"ಮುಟ್ಟೋಕೆ ಬಿಟ್ಟಿದ್ರೆ ತಾನೆ?"

ಅವನ ನಗು ಅಲ್ಲಿಗೆ ನಿಂತಿತು. ಆ ರಾತ್ರಿ ಪಾತ್ರೆ ತೊಳೆಯುವ ಸದ್ದು ಎಂದಿಗಿಂತ ಜೋರಾಗಿತ್ತೆಂದು ಮಗಳು ಮರುದಿನ ಡಿಪೋದಲ್ಲಿ ಹೇಳಿಕೊಂಡು ನಕ್ಕಳಂತೆ.

ಮೀಸೆಗೆ ಮಾತು ಕೊಟ್ಟಾಗಿದೆ, ಹೆಂಡತಿಯ ಹಟ ತಾನಾಗಿ ಇಳಿಯಲಿ ಎಂದು ಗಂಡ ಒಂದು ಉಪಾಯ ಮಾಡಿದ. ತಾನೇ ಕಲಿಸುತ್ತೇನೆಂದ. ಮರುವಾರ ಇಬ್ಬರೂ ದೋಣಿ ಹತ್ತಿದರು. ಅವಳು ಹಿಂದೆ, ಅವನು ನಡುವೆ ಹಲಗೆಯ ಮೇಲೆ. ಕಲಿಸುವುದರಲ್ಲಿ ಅವನಂಥ ಗುರು ಶತ್ರುವಿಗೂ ಬೇಡ.

"ಎಡಕ್ಕೆ ತಳ್ಳು. ಎಡಕ್ಕೆ ಅಂದ್ನಲ್ಲ! ಇದು ಎಡವಾ?"

"ಇದು ಎಡವೇ."

"ನಿನ್ನ ಎಡ ಅಲ್ಲ, ದೋಣಿ ಎಡ!"

"ದೋಣಿ ಎಡಾನೂ ಇದೇ. ನೀವು ಹಿಂದಕ್ಕೆ ತಿರುಗಿ ಕೂತಿದ್ದೀರಿ."

ಅಷ್ಟರಲ್ಲಿ ಗಾಳಿ ಸ್ವಲ್ಪ ಜೋರಾಗಿ ಬೀಸಿ ದೋಣಿ ವಾಲಿತು. ಇಷ್ಟು ಕಾಲದ ಅಭ್ಯಾಸ ಬಿಟ್ಟೀತೆ? ಅವನು ಕಟ್ಟಿದ ಕೈ ಬಿಚ್ಚಿಕೊಂಡು ದೊಡ್ಡ ಹಾಯಿಯ ಹಗ್ಗವನ್ನು ಎರಡೂ ಕೈಯಲ್ಲಿ ಜಗ್ಗಿದ. ಆಮೇಲೆ ಹೊರಟ ಕೂಗು ಧಕ್ಕೆಯವರೆಗೂ ಕೇಳಿಸಿತು.

ಡಾಕ್ಟರ್ ಹೊಲಿಗೆ ನೋಡಿ ಕೆಂಡಾಮಂಡಲವಾದರು. "ದೋಣಿ ಮಾತು ಹಾಗಿರಲಿ, ಧಕ್ಕೆಯಿಂದ ಒಂದು ಹೆಜ್ಜೆ ಕೆಳಗಿಳಿದರೆ ಮತ್ತೆ ನನ್ನ ಹತ್ರ ಬರಬೇಡಿ," ಎಂದರು. ಗಂಡ ತಲೆ ತಗ್ಗಿಸಿ ಕೂತಿದ್ದ. ಅವನ ಪರವಾಗಿ "ಆಯ್ತು ಡಾಕ್ಟ್ರೇ" ಎಂದದ್ದು ಆಯ್ತಮ್ಮ.

ಹಾಗಾಗಿ ಎರಡನೆಯ ಪಾಠಕ್ಕೆ ಅವಳು ಒಬ್ಬಳೇ ಹೋದಳು. ಒಂಟಿಯಾಗಿ ನಡೆಸಲು ಅನುಕೂಲವಾಗಲೆಂದು ಚಿಕ್ಕ ಹಾಯಿಯ ಹಗ್ಗವನ್ನು ಉದ್ದ ಮಾಡಿ ಚುಕ್ಕಾಣಿಯ ತನಕ ತಂದುಕೊಂಡಿದ್ದಳು. ಹೊರಡುವಾಗ ಎಲ್ಲ ಚೆನ್ನಾಗಿತ್ತು. ಗಾಳಿ ಪಕ್ಕದಿಂದ ಬರುತ್ತಿತ್ತು, ದೋಣಿ ಸರಸರನೆ ಸಾಗಿತು. ಧಕ್ಕೆಯ ಮೇಲೆ ಕಪ್ಪೆಚಿಪ್ಪು ತೊಳೆಯುತ್ತಿದ್ದ ಹೆಂಗಸರು ಕೈ ಬೀಸಿದರು. ಹಿಂದಿರುಗುವಾಗ ಎದುರುಗಾಳಿ. ಮಗ್ಗಲು ಬದಲಿಸಬೇಕಿತ್ತು. ಅವಳು ಚಿಕ್ಕ ಹಾಯಿಯ ಹಗ್ಗ ಸಡಿಲಿಸಿದಳು, ಕೂತಳು. ದೋಣಿ ತಿರುಗಲಿಲ್ಲ. ವೇಗ ಇಳಿಯಿತು, ಹಾಯಿಗಳು ಪಟಪಟ ಬಡಿದುಕೊಂಡವು, ದೋಣಿ ಗಾಳಿಗೆ ಮುಖ ಕೊಟ್ಟು ಅಲ್ಲೇ ನಿಂತಿತು. ಮತ್ತೆ ಹೇಗೋ ಸರಿಮಾಡಿಕೊಂಡು ಹೊರಟಳು. ಮತ್ತೆ ಹಾಗೇ ಆಯಿತು. ಕೊನೆಗೆ ಕೆಸರಿನ ದಂಡೆಗೆ ಹೋಗಿ ತಗಲಿಕೊಂಡಾಗ ಮೀಸೆ ಬಂದು, ಹಗ್ಗ ಕಟ್ಟಿ ಎಳೆದುಕೊಂಡು ಬಂದ.

"ಆಯ್ತಮ್ಮ, ಆಯ್ತಾ?" ಎಂದು ಧಕ್ಕೆಯ ಮೇಲೆ ಯಾರೋ ಕೇಳಿದರು. ಎಲ್ಲರೂ ಗೊಳ್ಳೆಂದರು. ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಸಂಜೆ ಊಟಕ್ಕೆ ಕೂತಾಗ ಗಂಡ ಕೇಳಿದ.

"ಕಿಟಕಿಯಿಂದ ನೋಡ್ತಿದ್ದೆ. ಹಗ್ಗ ಸರಿಯಾಗೇ ಬಿಡ್ತೀಯ. ಬಿಟ್ಟು ಸುಮ್ನೆ ಕೂತ್ಕೋತೀಯಲ್ಲ, ಯಾಕೆ?"

ಅವಳಿಗೂ ಆಗಲೇ ಹೊಳೆದದ್ದು. ಹೇಳಲು ನಾಚಿಕೆಯಾಯಿತು, ಹೇಳದೆ ವಿಧಿಯಿರಲಿಲ್ಲ. "ಹಗ್ಗ ಬಿಟ್ಟು ಆಯ್ತು ಅಂದೆ. ಆಮೇಲೆ... ನೀವು ತಿರುಗಿಸ್ತೀರಿ ಅಂತ ಕಾಯ್ತಾ ಇದ್ದೆ."

"ಚುಕ್ಕಾಣಿ ಎಲ್ಲಿತ್ತು?"

"ನನ್ನ ಕೈಯಲ್ಲೇ ಇತ್ತು."

ಮೊದಲು ನಕ್ಕವಳು ಮಗಳು. ಬಾಯಲ್ಲಿದ್ದ ಅನ್ನ ನೆತ್ತಿಗೇರಿ ಕೆಮ್ಮಿದಳು. ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು. ಗಂಡ ಭುಜ ನೋಯುತ್ತದೆಂದು ಕೈಯಲ್ಲಿ ಅದುಮಿಕೊಂಡು ನಕ್ಕ. ಆಯ್ತಮ್ಮನೂ ನಕ್ಕಳು, ನಗುನಗುತ್ತಲೇ ಕಣ್ಣಲ್ಲಿ ನೀರು ಬಂತು. ಅದು ನಗುವಿನ ನೀರೋ ಬೇರೆಯದೋ ಎಂದು ನೋಡಲು ಅವಳಿಗೆ ಮನಸ್ಸಿರಲಿಲ್ಲ. ಎದ್ದು ಮಜ್ಜಿಗೆ ತರಲು ಹೋದಳು.

"ಅಮ್ಮ, ನಂದೂ ಅದೇ ಕಥೆ," ಎಂದಳು ಮಗಳು ಹಿಂದೆಯೇ ಬಂದು. "ನಾನು ರೈಟ್ ಅಂದ್ರೆ ಡ್ರೈವರ್ ಬಿಡ್ತಾನೆ. ನನ್ನನ್ನ ಸ್ಟಿಯರಿಂಗಿಗೆ ಕೂರಿಸಿದ್ರೆ ನಾನೂ ಸೀಟಿ ಊದಿ ಕಾಯ್ತಾ ಕೂತಿರ್ತೀನಿ. ನೀನೀಗ ಡ್ರೈವರೂ ಹೌದು, ಕಂಡಕ್ಟರೂ ಹೌದು."

"ಹಾಗಾದ್ರೆ ಯಾರು ಯಾರಿಗೆ ಹೇಳೋದು?"

"ಅದು ನನಗೂ ಗೊತ್ತಿಲ್ಲಪ್ಪ."

ಕಾರಣವೇನೋ ಗೊತ್ತಾಯಿತು. ಗೊತ್ತಾದ ಮಾತ್ರಕ್ಕೆ ಕೈ ಕೇಳಬೇಕಲ್ಲ! ಆಯ್ತಮ್ಮ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಚುಕ್ಕಾಣಿಯೆಂದು ಕಂಕುಳಲ್ಲಿ ಪೊರಕೆಯ ಹಿಡಿ ಸಿಕ್ಕಿಸಿಕೊಂಡು, ಬಟ್ಟೆ ಒಣಹಾಕುವ ಹಗ್ಗದ ತುದಿ ಹಿಡಿದು ಅಭ್ಯಾಸ ಮಾಡತೊಡಗಿದಳು. ಮೊದಲು ಪೊರಕೆ ತಳ್ಳಬೇಕು, ದೋಣಿಯ ಮೂತಿ ತಿರುಗುತ್ತಿದ್ದ ಹಾಗೇ ಹಗ್ಗ ಬಿಡಬೇಕು, ಈ ಬದಿಯಿಂದ ಆ ಬದಿಗೆ ಜಿಗಿದು ಕೂರಬೇಕು, ಆ ಕಡೆಯ ಹಗ್ಗ ಎಳೆಯಬೇಕು. ನಡುವೆ ಒಲೆಯ ಮೇಲಿನ ಬೇಳೆ ಹೊತ್ತಿತು. ಒಂದು ಸಲವಲ್ಲ, ಆ ವಾರದಲ್ಲಿ ದಿನ ಬಿಟ್ಟು ದಿನ ಹೊತ್ತಿತು.

"ಇವತ್ತೂ ಸೀದದ್ದೇನಾ?" ಅತ್ತೆ ತಟ್ಟೆ ಮೂಸಿ ನೋಡಿದಳು. "ದೋಣಿ ಮುಳುಗೋದಿರಲಿ, ಅದಕ್ಕೆ ಮುಂಚೆ ನಾವು ಹಸಿವಿನಿಂದ ಮುಳುಗ್ತೀವಿ."

"ಅಮ್ಮ, ನಾನು ಮಾಡ್ತೀನಿ ಬಿಡು," ಎಂದ ಗಂಡ.

ಅತ್ತೆ ಕಣ್ಣು ಕಣ್ಣು ಬಿಟ್ಟಳು. "ನೀನಾ? ಒಂದು ಕೈಯಲ್ಲಿ?"

"ಎರಡು ಕೈ ಇದ್ದಾಗಲೂ ಮಾಡಿಲ್ವಲ್ಲ, ಒಂದು ಕೈಯಲ್ಲಾದ್ರೂ ಮಾಡ್ತೀನಿ."

ಅವನು ಅದನ್ನು ಹೆಂಡತಿಯ ಮೇಲಿನ ಕನಿಕರಕ್ಕೆ ಹೇಳಿದನೋ, ಸೀದ ಬೇಳೆಯ ಮೇಲಿನ ಬೇಸರಕ್ಕೆ ಹೇಳಿದನೋ, ಅಂತೂ ಮರುದಿನದಿಂದ ಒಲೆಯ ಮುಂದೆ ನಿಂತ. ಅನ್ನ ಒಂದು ದಿನ ಗಂಜಿ, ಒಂದು ದಿನ ಕಲ್ಲು. ಈರುಳ್ಳಿ ಹೆಚ್ಚಲು ಅತ್ತೆ ಕೂರುತ್ತಿದ್ದಳು. ತಾಯಿಮಗ ಇಡೀ ಬೆಳಗ್ಗೆ ಜಗಳವಾಡುತ್ತ ಅಡುಗೆ ಮಾಡುತ್ತಿದ್ದರು. ಕೆಳಗಿನ ಅಂಗಡಿಯವನು ಗಿರಾಕಿಗಳಿಗೆ ಬಣ್ಣ ತೋರಿಸುವುದನ್ನು ಬಿಟ್ಟು ಕಿವಿ ಮೇಲಕ್ಕೆ ಕೊಟ್ಟಿರುತ್ತಿದ್ದ.

ಆದರೆ ಆಯ್ತಮ್ಮನ ದೋಣಿ ಮಾತ್ರ ಸರಿಯಾಗಿ ತಿರುಗುತ್ತಿರಲಿಲ್ಲ. ಒಂದು ದಿನ ಅವಳು ಗಂಡನ ಹಾಗೆ ತಾನೇ "ಆಯ್ತಾ?" ಎಂದು ಕೂಗಿ ನೋಡಿದಳು. ಕೂಗಿದ ತಕ್ಷಣ ಕೈ ಮತ್ತೆ ಹಗ್ಗಕ್ಕೇ ಹೋಯಿತು. ಆ ಮಾತು ಕಿವಿಗೆ ಬಿದ್ದರೆ ಕೈಗೆ ಬೇರೆ ಗತಿಯೇ ಇರಲಿಲ್ಲ. ಬಾಯಿಗೆ ಬೀಗ ಹಾಕಿಕೊಂಡು ತಿರುಗಿಸಿ ನೋಡಿದಳು. ಆಗ ತಡಬಡಾಯಿಸಿ ಎರಡೂ ಒಟ್ಟಿಗೇ ಮಾಡಿಬಿಡುತ್ತಿದ್ದಳು. ಮಳೆಗಾಲ ಹತ್ತಿರವಾಗುತ್ತಿತ್ತು. ಮೀಸೆಯ ತಮ್ಮ ಒಂದು ದಿನ ಬಂದು ದೋಣಿಯ ಹಲಗೆಗಳನ್ನು ಬೆರಳಲ್ಲಿ ತಟ್ಟಿ ತಟ್ಟಿ ನೋಡಿ ಹೋದ. ತಟ್ಟಿದ್ದು ದೋಣಿಯನ್ನು, ನೋವಾದದ್ದು ಅವಳ ಎದೆಗೆ.

"ನೋಡು," ಎಂದ ಗಂಡ ಆ ಸಂಜೆ, ಮೆತ್ತಗೆ. "ಇನ್ನೊಂದು ವಾರ. ಆಗದಿದ್ರೆ ಕೊಟ್ಟುಬಿಡೋಣ. ನಿನ್ನ ಜೀವಕ್ಕಿಂತ ದೋಣಿ ದೊಡ್ಡದಲ್ಲ."

"ನಿಮಗೆ ವಾಚ್‌ಮನ್ ಕೆಲಸ ಇಷ್ಟವಾ?"

ಅವನು ಎಡಗೈಯಲ್ಲಿ ಪಾತ್ರೆ ಕೆರೆಯುತ್ತಲೇ ಇದ್ದ. ಅವನಿಗೂ ಇಷ್ಟವಿಲ್ಲವೆಂದು ಅವಳಿಗೆ ಅಂದೇ ತಿಳಿದದ್ದು. ತಾನೊಬ್ಬಳೇ ದೋಣಿಗಾಗಿ ಹಟ ಹಿಡಿದಿದ್ದೇನೆ ಅಂದುಕೊಂಡಿದ್ದಳು. ಇಲ್ಲಿ ನೋಡಿದರೆ ಈತ ಬಾಯಿ ಬಿಡದೆ ಸಾಯುತ್ತಿದ್ದಾನೆ. ಅವಳಿಗೆ ಅವನ ಮೇಲೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು.

ಮರುದಿನ ನೀರಿನ ಮೇಲೆ ಅವಳು ಬಾಯಿಗೆ ಬಂದದ್ದನ್ನು ಹೇಳಿದಳು. "ಹೊರಟೆ!" ಎಂದಳು. ಮನೆಯಿಂದ ಹೊರಗೆ ಕಾಲಿಡುವಾಗ ಇಷ್ಟು ವರ್ಷ ಅವಳು "ಹೋಗಿಬರ್ಲಾ?" ಎಂದು ಕೇಳಿದ್ದಳೇ ಹೊರತು ಹೀಗೆ ಹೇಳಿರಲಿಲ್ಲ. ಹೊರಟೆ ಎಂದ ಮೇಲೆ ಹೊರಡದೆ ಕೂರಲಾದೀತೆ? ಕೈ ಚುಕ್ಕಾಣಿಯನ್ನು ತಳ್ಳಿತು, ಮೂತಿ ತಿರುಗಿತು, ಹಗ್ಗ ಬಿಟ್ಟಳು, ಆ ಕಡೆಗೆ ಜಿಗಿದಳು, ಎಳೆದಳು. ದೊಡ್ಡ ಹಾಯಿ ತಲೆಯ ಮೇಲಿಂದ ಹಾದು ಗಾಳಿ ತುಂಬಿಕೊಂಡಿತು. ದೋಣಿ ಮಗ್ಗಲು ಬದಲಿಸಿ ಸಾಗಿತು. ಅವಳಿಗೆ ನಂಬಿಕೆ ಬರಲಿಲ್ಲ. "ಹೊರಟೆ!" ಎಂದು ಮತ್ತೊಮ್ಮೆ ತಿರುಗಿಸಿದಳು. ಮತ್ತೊಮ್ಮೆ. ಊಟದ ಹೊತ್ತು ಮೀರಿದರೂ ದಡಕ್ಕೆ ಬರಲಿಲ್ಲ. ಆಚೆ ಈಚೆ, ಆಚೆ ಈಚೆ, ಖುಷಿಗೆ ಮೈಯೆಲ್ಲ ಹಗುರಾಗಿ ತಿರುಗಿದ್ದೇ ತಿರುಗಿದ್ದು.

"ನಿಮ್ಮಮ್ಮನಿಗೆ ಹುಚ್ಚು ಹಿಡೀತು," ಎಂದಳಂತೆ ಅತ್ತೆ ಕಿಟಕಿಯಲ್ಲಿ ನಿಂತು.

ಅವಳು ಬಂದಾಗ ಗಂಡ ಬಡಿಸಿಟ್ಟ ತಟ್ಟೆಯಲ್ಲಿ ಎರಡು ಮೊಟ್ಟೆ ಇದ್ದವು. ಮೀಸೆಗೆ ಅವನು ಯಾವಾಗ ಹೋಗಿ ಬೇಡವೆಂದು ಹೇಳಿ ಬಂದನೋ ತಿಳಿಯದು. ಅದನ್ನೂ ಅವಳಿಗೆ ಹೇಳಿದ್ದು ಎರಡು ದಿನ ಬಿಟ್ಟೇ.

ಆಮೇಲಿನದು ಗಂಟುಮೂಟೆಯ ಕಾಲ. ಮಗಳು ಹೊಸ ಊರಿನ ಡಿಪೋಗೆ ವರ್ಗ ಮಾಡಿಸಿಕೊಂಡಳು. ಹೊಸ ಮನೆ ಮೊದಲ ಮಹಡಿಯೋ ಮೂರನೆಯದೋ ಎಂದು ಅತ್ತೆ ದಿನಕ್ಕೆ ಹತ್ತು ಸಲ ಕೇಳಿದಳು. ನೆಲಮಟ್ಟದ ಕೋಣೆಗಳು, ಮೆಟ್ಟಿಲೇ ಇಲ್ಲ ಎಂದರೆ "ಹಾಗಾದ್ರೆ ಇಲಿ ಇರತ್ತೆ" ಎಂದಳು. ಹಾಸಿಗೆ, ಪಾತ್ರೆ, ಒಲೆ, ಅತ್ತೆಯ ಕಬ್ಬಿಣದ ಮಂಚ, ಎಲ್ಲವೂ ಹೊರಡುವ ಹಿಂದಿನ ಸಂಜೆಯೇ ಲಾರಿಗೆ ಏರಿದವು. ಮಂಚವನ್ನು ಮೆಟ್ಟಿಲಲ್ಲಿ ತಿರುಗಿಸಲಾಗದೆ ಮಗಳೂ ಅಂಗಡಿಯವನೂ ಸಿಕ್ಕಿಹಾಕಿಕೊಂಡಾಗ, ಆಯ್ತಮ್ಮ ಕೆಳಗೆ ನಿಂತು "ಮೂತಿ ಎತ್ತಿ, ಬಾಲ ಎಡಕ್ಕೆ" ಎಂದು ಹೇಳಿದಳು. ಮಂಚ ಸಲೀಸಾಗಿ ಇಳಿಯಿತು.

ಮರುದಿನ ಲಾರಿಗಿಂತ ಮೊದಲೇ, ಬೆಳಕು ಹರಿಯುತ್ತಿದ್ದಂತೆ ಅವಳು ಹೊರಟಳು. ಒಂದು ಬಾಟಲಿ ನೀರು, ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ಹೊರಡುವಾಗ ಅತ್ತೆ ಬೈಯಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದದ್ದು.

ದಾರಿಯುದ್ದಕ್ಕೂ ಗಾಳಿ ಪಕ್ಕದಿಂದ ಬೀಸಿ ಉಪಕಾರ ಮಾಡಿತು. ದಡವನ್ನು ಬಲಕ್ಕಿಟ್ಟುಕೊಂಡು ಸಾಗಿದಳು. ಮನೆಗಳು ಕಳೆದು ಬಂಡೆಗಳು ಬಂದವು, ಬಂಡೆ ಕಳೆದು ಮರಳು. ಇಷ್ಟು ಹೊತ್ತು ಯಾರೂ ಅವಳನ್ನು ಏನೂ ಕೇಳಲಿಲ್ಲ. ಹೀಗೆ ಯಾರೂ ಏನೂ ಕೇಳದ ಒಂದು ಬೆಳಗ್ಗೆ ತನ್ನ ಬದುಕಿನಲ್ಲಿ ಹಿಂದೆ ಎಂದಾದರೂ ಇತ್ತೇ ಎಂದು ಯೋಚಿಸಿದಳು. ಇರಲಿಲ್ಲ. ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿಂದಳು.

ಹೊಸ ಬಂದರು ಕಂಡಾಗ ಬಿಸಿಲು ನೆತ್ತಿಗೆ ಬಂದಿತ್ತು. ಎರಡು ಉದ್ದನೆಯ ಕಲ್ಲಿನ ಗೋಡೆ, ನಡುವೆ ಬಾಯಿ. ಗಾಳಿ ಆ ಬಾಯಿಯೊಳಗಿಂದಲೇ ಸ್ವಲ್ಪ ಓರೆಯಾಗಿ ಎದುರಿಗೆ ಬರುತ್ತಿತ್ತು. ಅಂದರೆ ಎರಡು ಗೋಡೆಗಳ ನಡುವಿನ ಇಕ್ಕಟ್ಟಿನಲ್ಲಿ ಮಗ್ಗಲು ಬದಲಿಸುತ್ತಲೇ ಒಳಗೆ ಹೋಗಬೇಕು. ಎಡಗೋಡೆಯ ತುದಿಯಲ್ಲಿ ಬಂದರಿನ ಇನ್ಸ್‌ಪೆಕ್ಟರ್ ಕೈಕಟ್ಟಿ ನಿಂತಿದ್ದ. ಪಕ್ಕದಲ್ಲಿ ಅವಳ ಮನೆಯವರು. ಲಾರಿ ಆಗಲೇ ಬಂದಿತ್ತು. ಮೊದಲೇ ಬಂದು ಜಾಗ ಮಾಡಿಕೊಂಡಿದ್ದ ಮೀಸೆ, ಅವನ ಹಿಂದೆ ಇನ್ನಷ್ಟು ಜನ.

"ಹೊರಟೆ!" ಎಂದು ಮೊದಲ ತಿರುವು ತಿರುಗಿಸಿದಳು. ಸರಿಹೋಯಿತು. ಬಲಗೋಡೆಯಿಂದ ಎಡಗೋಡೆಯ ಕಡೆಗೆ ಸಾಗಿದಳು. ಕಲ್ಲುಗಳು ಹತ್ತಿರವಾದವು, ಅವುಗಳ ಮೇಲಿನ ಪಾಚಿ ಕಾಣುವಷ್ಟು ಹತ್ತಿರ. ಇನ್ನು ತಿರುಗಬೇಕು ಎನ್ನುವಷ್ಟರಲ್ಲಿ ಗೋಡೆಯ ಮೇಲಿಂದ ಗಂಡನ ದನಿ ಕೇಳಿಸಿತು.

"ಆಯ್ತಾ?"

ಬೇಕೆಂದು ಕೂಗಿದ್ದಲ್ಲ. ಆತಂಕಕ್ಕೆ ಅವನ ಬಾಯಿಂದ ಅದೊಂದೇ ಮಾತು ಹೊರಟಿತ್ತು. ಅವಳ ಕೈ ಚುಕ್ಕಾಣಿಯನ್ನು ಬಿಟ್ಟು ಹಗ್ಗಕ್ಕೆ ಹೋಯಿತು. ಹಗ್ಗ ಸಡಿಲಾಯಿತು. "ಆಯ್ತು!" ಎಂದಳು. ಕಾದಳು.

ಹಾಯಿಗಳು ಪಟಪಟ ಬಡಿದುಕೊಂಡವು. ದೋಣಿ ಗಾಳಿಗೆ ಮುಖ ಕೊಟ್ಟು ನಿಂತಿತು, ನಿಂತು ಕಲ್ಲುಗಳ ಕಡೆಗೆ ಹಿಂದುಹಿಂದಕ್ಕೆ ಸರಿಯತೊಡಗಿತು.

"ಎಡಕ್ಕೆ! ಅಲ್ಲ, ಬಲಕ್ಕೆ! ಹಗ್ಗ ಎಳಿ! ಆಯ್ತಾ? ಕೇಳಿಸ್ತಾ?" ಗಂಡ ಗೋಡೆಯ ಅಂಚಿಗೆ ಬಂದಿದ್ದ. ಮೀಸೆ ಅವನ ಅಂಗಿ ಹಿಡಿದುಕೊಂಡಿದ್ದ. "ಹಗ್ಗ ಎಸೀಲಾ ಅಕ್ಕ?" ಎಂದು ಮೀಸೆಯ ತಮ್ಮ ಕೂಗಿದ. ಅವನ ಹಗ್ಗ ಹಿಡಿದರೆ ದೋಣಿ ಉಳಿಯುತ್ತಿತ್ತು, ಜಾಗ ಹೋಗುತ್ತಿತ್ತು.

"ಬೇಡ!" ಎಂದಳು. ಗಂಡ ಇನ್ನೂ ಕೂಗುತ್ತಲೇ ಇದ್ದ. ಅವಳು ತಲೆಯೆತ್ತಿ, ಊರ ಮುಂದೆ, ಹೊಸ ಊರಿನ ಇನ್ಸ್‌ಪೆಕ್ಟರ್ ಮುಂದೆ, ಇದ್ದಬದ್ದ ದನಿಯನ್ನೆಲ್ಲ ಸೇರಿಸಿ ಕೂಗಿದಳು.

"ಸುಮ್ನಿರ್ರೀ!"

ಗೋಡೆಯ ಮೇಲೆ ಯಾರ ಸದ್ದೂ ಇಲ್ಲವಾಯಿತು.

ಆಗ ಅವಳು ಚುಕ್ಕಾಣಿಯನ್ನು ಬಿಟ್ಟು ಮುಂದಕ್ಕೆ ಜಿಗಿದು, ಚಿಕ್ಕ ಹಾಯಿಯ ಅಂಚನ್ನು ಕೈಯಲ್ಲೇ ಹಿಡಿದು ಗಾಳಿಗೆ ಎದುರಾಗಿ, ತಪ್ಪು ಬದಿಗೆ ಎಳೆದು ಹಿಡಿದಳು. ಹಾಗೆ ಹಿಡಿದರೆ ಗಾಳಿ ಹಾಯಿಯನ್ನು ತಳ್ಳುತ್ತದೆ, ಹಾಯಿ ಮೂತಿಯನ್ನು ತಳ್ಳುತ್ತದೆ. ಇದು ಗಂಡನಿಗೆ ಹೊಳೆಯುವಂಥದ್ದಲ್ಲ. ಅವನು ಆ ಹಗ್ಗ ಹಿಡಿದವನೇ ಅಲ್ಲ. ಅಷ್ಟು ವರ್ಷ ಆ ಚಿಕ್ಕ ಹಾಯಿಯ ಜೊತೆ ಕೂತಿದ್ದವಳು ಅವಳು. ಬಟ್ಟೆ ಉಬ್ಬಿತು, ಬೆರಳುಗಳ ಸಂದಿಯಲ್ಲಿ ಉರಿಯಿತು. ಮೂತಿ ನಿಧಾನವಾಗಿ, ಬೇಕೋ ಬೇಡವೋ ಎನ್ನುವ ಹಾಗೆ ತಿರುಗಿತು. ಕಲ್ಲಿಗೂ ದೋಣಿಗೂ ನಡುವೆ ಒಂದು ಮಂಚದಷ್ಟು ನೀರು ಉಳಿದಿತ್ತು. ಅವಳು ಹಾಯಿ ಬಿಟ್ಟು ಹಿಂದಕ್ಕೆ ಧಾವಿಸಿದಳು, ಆ ಕಡೆಯ ಹಗ್ಗ ಎಳೆದಳು, ಚುಕ್ಕಾಣಿ ಸರಿಮಾಡಿದಳು. ದೊಡ್ಡ ಹಾಯಿ ಗಾಳಿ ತುಂಬಿಕೊಂಡು ದೋಣಿ ಗೋಡೆಯಿಂದ ದೂರ ಹೋಯಿತು.

ಮುಂದಿನ ತಿರುವುಗಳನ್ನು ತಿರುಗಿಸುವಾಗ ಅವಳು ಏನಾದರೂ ಹೇಳಿದಳೋ ಇಲ್ಲವೋ ಅವಳಿಗೇ ನೆನಪಿಲ್ಲ. ಒಳಗೆ ನೀರು ಶಾಂತವಾಗಿತ್ತು. ದೋಣಿ ಧಕ್ಕೆಯ ಪಕ್ಕಕ್ಕೆ ಮೆಲ್ಲಗೆ ಬಂದು ತಾಗಿತು. ಅವಳೇ ಕಂಬಕ್ಕೆ ಹಗ್ಗ ಹಾಕಿ ಬಿಗಿದಳು. ಹೋದ ಜೀವ ಬಂದಂತಾಯಿತು. ಹಾಗೇ ಹಲಗೆಯ ಮೇಲೆ ಕೂತಳು.

ಇನ್ಸ್‌ಪೆಕ್ಟರ್ ಬಂದು ನೋಡಿದ. "ಸ್ವಲ್ಪ ಹತ್ತಿರ ಹೋದ್ರಿ," ಎಂದ.

"ಹೋದೆ."

"ಯಾರೂ ಮುಟ್ಟಲಿಲ್ಲ ತಾನೆ?"

"ಮುಟ್ಟೋಕೆ ಬಿಟ್ಟಿದ್ರೆ ಅಲ್ವಾ?" ಎಂದದ್ದು ಮಗಳು, ಓಡಿ ಬಂದು ಏದುಸಿರು ಬಿಡುತ್ತ.

"ಸರಿ. ಈ ಜಾಗ ನಿಮ್ಮದು," ಎಂದು ಅವನು ಮುಂದಿನ ದೋಣಿ ನೋಡಲು ಹೋದ.

ಅತ್ತೆ ಮೆಲ್ಲಗೆ ಮೀಸೆಯ ಕೈ ಹಿಡಿದುಕೊಂಡು ಬಂದಳು. ಗಂಡ ಅವಳ ಹಿಂದೆ. ಆಯ್ತಮ್ಮನಿಗೆ ಅವನ ಮುಖ ನೋಡಲು ಧೈರ್ಯ ಸಾಲಲಿಲ್ಲ. ಅಷ್ಟು ಜನರ ಮುಂದೆ ಗಂಡನ ಬಾಯಿ ಮುಚ್ಚಿಸಿದ್ದಳು. ಕಲ್ಲಿಗಿಂತ ಈಗ ಇದೇ ಹೆದರಿಕೆಯಾಗಿತ್ತು.

"ಅತ್ತೆ, ನಾನು ಹಾಗೆ..." ಎಂದು ಶುರು ಮಾಡಿದಳು.

"ಥೂ, ಬಿಡೇ," ಎಂದಳು ಅತ್ತೆ. "ಅವನು ಹುಟ್ಟಿದಾಗಿನಿಂದ ನಾನು ಹೇಳ್ಬೇಕು ಅಂತಿದ್ದೆ. ಇವತ್ತು ನೀನು ಹೇಳಿದೆ."

ಮೀಸೆ ಮುಖ ಆಚೆ ತಿರುಗಿಸಿಕೊಂಡು ನಕ್ಕ. ಗಂಡನ ಕಿವಿ ಕೆಂಪಾಯಿತು. ಅವನು ಧಕ್ಕೆಯ ಅಂಚಿಗೆ ಬಂದು, ಡಾಕ್ಟರ್ ಮಾತು ನೆನಪಾಗಿ ಅಲ್ಲಿಯೇ ನಿಂತ. ಎಡಗೈ ಚಾಚಿದ. ಅವಳು ಅದನ್ನು ಹಿಡಿದು ಮೇಲೆ ಬಂದಳು.

"ನನ್ನಿಂದ ನೀನು ಕಲ್ಲಿಗೆ ಬಡೀತಿದ್ದೆ," ಎಂದ, ಬೇರೆ ಯಾರಿಗೂ ಕೇಳಿಸದ ಹಾಗೆ. "ತುಂಬಾ ಹೆದರಿಬಿಟ್ಟೆ ಕಣೇ."

"ನಾನೂ," ಎಂದಳು.

ಹೊಸ ಕೋಣೆಗಳು ಧಕ್ಕೆಯ ಹಿಂದಿನ ಬೀದಿಯಲ್ಲಿದ್ದವು. ಗೋಡೆಗೆ ಸುಣ್ಣದ ವಾಸನೆ, ನೆಲದ ತುಂಬ ಗಂಟುಗಳು. ಇಲಿ ಇರಲಿಲ್ಲ, ಅದಕ್ಕೂ ಅತ್ತೆಗೆ ಸ್ವಲ್ಪ ಬೇಸರವಾದಂತಿತ್ತು. ಆಯ್ತಮ್ಮ ಕೈಕಾಲು ತೊಳೆದು, ಒಂದು ಚಾಪೆ ಬಿಚ್ಚಿ, ಮೂಟೆಗಳ ನಡುವೆ ಸಿಕ್ಕ ಜಾಗದಲ್ಲಿ ಒರಗಿದಳು. ನಡುಹಗಲಲ್ಲಿ ಮಲಗಿದ್ದು ಬಾಣಂತನದಲ್ಲಿ ಬಿಟ್ಟರೆ ಇದೇ ಮೊದಲು. ಮೈ ಇನ್ನೂ ದೋಣಿಯಲ್ಲಿರುವ ಹಾಗೆ ತೂಗುತ್ತಿತ್ತು.

ಆಚೆ ಅಡುಗೆಮನೆಯಲ್ಲಿ ಒಲೆ ಹೊತ್ತಿಕೊಂಡಿತು. "ಆ ಪಾತ್ರೆ ಅಲ್ವೋ, ದೊಡ್ಡದು," ಎಂದಳು ಅತ್ತೆ. "ದೊಡ್ಡದರೊಳಗೆ ನಿನ್ನ ಚಪ್ಪಲಿ ಇದೆ," ಎಂದ ಗಂಡ. ಮಗಳು ಯಾವುದೋ ಗಂಟು ಬಿಚ್ಚುತ್ತ ಬೈಯುತ್ತಿದ್ದಳು. ಡಬ್ಬಿಗಳು ಉರುಳಿದವು. ಒಂದಾದ ಮೇಲೊಂದು ಮುಚ್ಚಳ ತೆಗೆದು ಹಾಕಿದ ಸದ್ದು.

"ಏನೇ," ಗಂಡ ಕೂಗಿದ. "ಉಪ್ಪು ಎಲ್ಲಿಟ್ಟಿದ್ದೀಯ?"

ಸಕ್ಕರೆ ಡಬ್ಬಿಯ ಹಿಂದೆ, ನೀಲಿ ಬಟ್ಟೆಯ ಗಂಟಿನಲ್ಲಿ. ಅವಳೇ ಕಟ್ಟಿದ್ದಳು, ಚೆನ್ನಾಗಿ ಗೊತ್ತಿತ್ತು.

"ಕೇಳಿಸ್ತಾ? ಉಪ್ಪು!"

ಕೇಳಿಸಿತ್ತು. ಆಯ್ತಮ್ಮ ಗೋಡೆಯ ಕಡೆಗೆ ಮಗ್ಗಲು ಬದಲಿಸಿದಳು. ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ಸಪ್ಪೆಯೂಟ. ಮೂರನೆಯ ಸಲ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ. ಅಷ್ಟರಲ್ಲಿ ನಿದ್ದೆ ಬಂದಿತ್ತು.